ಬಾಂಬಿಗೆಂದು ತೋಡಿದ ಕಂದಕ

ಚೀನಾದ ಗಡಿಯಲ್ಲಿ ಯುದ್ಧ ಶುರುವಾದಾಗ ನಾನು ಮೈಲಾಪೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ನಮ್ಮದು ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದ ಹೋಟೆಲಿನ ಮನೆತನ. ಕೆಳಗೆ ಅಪ್ಪಯ್ಯನ ಹೋಟೆಲು, ಮಹಡಿಯ ಮೇಲೆ ನಮ್ಮ ಮನೆ. ಓದಿದ್ದೆಲ್ಲ ತಮಿಳಿನಲ್ಲಿ, ಮನೆಯಲ್ಲಿ ಮಾತ್ರ ಕುಂದಾಪುರದ ಕನ್ನಡ. ನನ್ನ ಸೀರೆಗೆ ಸಾಂಬಾರಿನ ವಾಸನೆ ಬರುತ್ತದೆಂದು ಮಕ್ಕಳು ಹಿಂದಿನಿಂದ ನನ್ನನ್ನು ‘ಹೋಟೆಲ್ ಟೀಚರ್’ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ವಾಸನೆ ಬರುತ್ತಿದ್ದುದು ನಿಜವೇ.

ಶಾಲೆ ನಡೆಯುತ್ತಿದ್ದುದು ಒಂದು ಹಳೆಯ ಬಂಗಲೆಯಲ್ಲಿ. ಮೂರು ಕಡೆ ಜಗಲಿ, ಮುಂದೆ ಆಟದ ಬಯಲು, ಮೂಲೆಯಲ್ಲಿ ಒಂದು ಬಾದಾಮಿ ಮರ. ಜಗಲಿಯ ಕಂಬಕ್ಕೆ ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದರು. ಅದೇ ನಮ್ಮ ಗಂಟೆ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ‘ದೊಡ್ಡ ಟೀಚರ್’ ಎಂದೇ ಕರೆಯುತ್ತಿದ್ದರು. ಎತ್ತರದ, ಸಣಕಲು ಮೈಯ ಹೆಂಗಸು. ಸದಾ ಖಾದಿ ಸೀರೆ. ಹಿಂದಿನ ಯುದ್ಧದ ಕಾಲದಲ್ಲಿ, ಜಪಾನಿನವರು ಬಂದುಬಿಡುತ್ತಾರೆಂದು ಮದರಾಸಿನ ಜನ ಊರು ಬಿಟ್ಟು ಓಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆಗ ಅವರೂ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರು. ಶಾಲೆಯನ್ನು ದಿಢೀರೆಂದು ಮುಚ್ಚಿದರಂತೆ. ಕರೆದೊಯ್ಯಲು ಯಾರೂ ಬಾರದ ಮಕ್ಕಳು ಗೇಟಿನ ಮುಂದೆ ನಿಂತು ಅತ್ತ ಸದ್ದು ಇನ್ನೂ ಕಿವಿಯಲ್ಲಿದೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಅದಕ್ಕೇ ಇರಬೇಕು, ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂದ ಕೂಡಲೇ ಅವರು ನಮ್ಮನ್ನೆಲ್ಲ ಕೂಡಿಸಿದರು. ಅವರು ಹೇಳಿದ್ದು ತಮಿಳಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಬಾಂಬು ಬೀಳುತ್ತೆ ಅಂತ ನಾನು ಹೇಳ್ತಾ ಇಲ್ಲ. ಬಿದ್ದರೆ ಏನು ಮಾಡಬೇಕು ಅನ್ನೋದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಆಮೇಲೆ ಕೈಕೈ ಹಿಸುಕಿಕೊಳ್ಳೋದು ನನ್ನಿಂದಾಗಲ್ಲ.”

ಆಟದ ಬಯಲಿನಲ್ಲಿ ಕಂದಕ ತೋಡುವುದೆಂದು ತೀರ್ಮಾನವಾಯಿತು. ಟೀಚರುಗಳಲ್ಲಿ ಇಬ್ಬರು ಪ್ರಥಮ ಚಿಕಿತ್ಸೆ ಕಲಿತು ಬರಬೇಕು. ನಾನು ಎಲ್ಲರಿಗಿಂತ ಚಿಕ್ಕವಳೆಂದು ನನ್ನನ್ನು ಆರಿಸಿದರು. ನನ್ನ ಜೊತೆಗೆ ಹೊಲಿಗೆ ಟೀಚರು.

ಮನೆಯಲ್ಲಿ ಹೇಳಿದಾಗ ಅಪ್ಪಯ್ಯ ಜೋರಾಗಿ ನಕ್ಕರು. “ಮೈಲಾಪೂರಿಗ್ ಬಂದ್ ಬಾಂಬ್ ಹಾಕುಕೆ ಆ ಚೀನಾದವ್ರಿಗ್ ಬೇರೆ ಕೆಲ್ಸ ಇಲ್ಯಾ ಮಾರಾಯ್ತಿ?”

ಅಮ್ಮನಿಗೆ ಬೇರೆಯದೇ ಚಿಂತೆ. “ಗಂಡ್ಸ್ರೆಲ್ಲ ಇಪ್ಪಲ್ಲಿ ನೀ ಎಂತಕೆ ಹೋಪ್ದ್? ಬೇರೆ ಟೀಚರ್ ಯಾರೂ ಇಲ್ಯಾ?”

“ಹೊಲಿಗೆ ಟೀಚರೂ ಬತ್ರ್ ಅಮ್ಮ,” ಎಂದೆ. ಹೊಲಿಗೆ ಟೀಚರಿಗೆ ವಯಸ್ಸಾಗಿತ್ತು, ಮೈಕಟ್ಟೂ ದೊಡ್ಡದು. ಅಮ್ಮನಿಗೆ ಅಷ್ಟು ಸಾಕಾಯಿತು.

ತರಬೇತಿ ಕೊಟ್ಟವರು ಸೈನ್ಯದಿಂದ ನಿವೃತ್ತರಾದ ಒಬ್ಬ ಡಾಕ್ಟರು. ಗಾಯಕ್ಕೆ ಪಟ್ಟಿ ಕಟ್ಟುವುದು, ಮುರಿದ ಕೈಗೆ ಹಲಗೆ ಕೊಟ್ಟು ಕಟ್ಟುವುದು, ಸುಟ್ಟ ಗಾಯದ ಆರೈಕೆ, ಇವನ್ನೆಲ್ಲ ಕಲಿಸಿದ ಮೇಲೆ ಒಂದು ಸಂಜೆ ಉಸಿರು ನಿಂತವರಿಗೆ ಉಸಿರಾಟ ಮರಳಿಸುವುದನ್ನು ತೋರಿಸಿದರು. ಮನುಷ್ಯನನ್ನು ಬೋರಲಾಗಿ ಮಲಗಿಸಬೇಕು. ಅವನ ಎರಡು ಕೈಗಳನ್ನು ಮಡಿಸಿ ಕೆನ್ನೆಯ ಕೆಳಗಿಡಬೇಕು. ನಾವು ತಲೆಯ ಬಳಿ ಮಂಡಿಯೂರಿ ಬೆನ್ನನ್ನು ಒತ್ತಬೇಕು, ಬಿಡಬೇಕು, ಮೊಣಕೈಗಳನ್ನು ಹಿಡಿದು ಎತ್ತಬೇಕು, ಇಳಿಸಬೇಕು. ಈಗ ಆ ವಿಧಾನವನ್ನು ಯಾರೂ ಕಲಿಸುವುದಿಲ್ಲ. ಬಾಯಿಗೆ ಬಾಯಿಟ್ಟು ಊದುತ್ತಾರೆ. ನಮ್ಮ ಕಾಲಕ್ಕೆ ಅದೇ ವಿದ್ಯೆ.

ಹೊಲಿಗೆ ಟೀಚರು ರೋಗಿಯಾಗಿ ಚಾಪೆಯ ಮೇಲೆ ಮಲಗಿದರು. ನಾನು ಬೆನ್ನ ಮೇಲೆ ಕೈಯಿಟ್ಟ ಕೂಡಲೇ ಅವರಿಗೆ ಕಚಗುಳಿಯಾಗಿ ನಗು ಬಂತು. ಅವರು ನಕ್ಕದ್ದಕ್ಕೆ ನನಗೂ ನಗು. ಡಾಕ್ಟರು ಗದರಿದರು.

“ಇನ್ನೊಂದು ಸಲ. ನಗು ನಿಲ್ಲೋವರೆಗೂ ಮಾಡ್ತಾನೇ ಇರಿ. ಲಯ ಕೈಗೆ ಅಂಟಬೇಕು, ತಲೆಗಲ್ಲ.”

ನಗು ನಿಂತು, ಬೇಸರ ಬಂದು, ಕೊನೆಗೆ ಕೈ ಸೋತು ಬೀಳುವವರೆಗೂ ಮಾಡಿಸಿದರು.

ಇತ್ತ ಕಂದಕ ಸಿದ್ಧವಾಗಿತ್ತು. ನೇರವಾಗಿರಲಿಲ್ಲ, ಅಂಕುಡೊಂಕಾಗಿ, ಹಾವು ಹರಿದ ಹಾಗೆ. ಬಾಂಬಿನ ಚೂರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಬಾರದೆಂದು ಹಾಗೆ ತೋಡಿಸುವುದಂತೆ. ಮಕ್ಕಳಿಗೆ ಹಬ್ಬವೋ ಹಬ್ಬ. ಅದಕ್ಕೆ ‘ಬಾಂಬುಕುಳಿ’ ಎಂದು ಹೆಸರಿಟ್ಟರು. ದೊಡ್ಡ ಟೀಚರು ಎರಡು ಬಗೆಯ ಗಂಟೆ ಗೊತ್ತು ಮಾಡಿದರು. ಹಳಿಯನ್ನು ಒಂದೇ ಸಮನೆ ಬಾರಿಸಿದರೆ ಎಲ್ಲರೂ ಸಾಲಾಗಿ ಕಂದಕಕ್ಕೆ ಇಳಿಯಬೇಕು. ಬಿಟ್ಟುಬಿಟ್ಟು ಬಾರಿಸಿದರೆ ಹೊರಗೆ ಹೋಗಲು ಹೊತ್ತಿಲ್ಲವೆಂದು ಅರ್ಥ; ಆಗ ಎಲ್ಲಿದ್ದರೂ ಸರಿ, ಹತ್ತಿರದ ಬೆಂಚಿನ ಕೆಳಗೆ ತೂರಿ ಬೋರಲು ಮಲಗಬೇಕು, ಟೀಚರು ಬಂದು ಮುಟ್ಟಿ ಎಬ್ಬಿಸುವವರೆಗೆ ಏಳಕೂಡದು. ಒಂದನೆಯ ತರಗತಿಯವರಿಗೆ ಬೆಂಚುಗಳಿರಲಿಲ್ಲ, ನೆಲದ ಮೇಲೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಅವರು ಪಕ್ಕದ ಕೋಣೆಗಳಿಗೆ ನುಗ್ಗಿ ದೊಡ್ಡ ಹುಡುಗಿಯರ ಕಾಲ ಬಳಿ ಮಲಗುತ್ತಿದ್ದರು.

ಅಭ್ಯಾಸ ಮೇಲಿಂದ ಮೇಲೆ ನಡೆಯಿತು. ಮಗಳ ಲಂಗಕ್ಕೆ ದಿನಾ ಮಣ್ಣು ಮೆತ್ತುತ್ತದೆಂದು ತಾಯಂದಿರು ಬಂದು ದೂರಿದರು. “ಮಣ್ಣು ಒಗೆದರೆ ಹೋಗುತ್ತೆ,” ಎಂದು ದೊಡ್ಡ ಟೀಚರು ಅವರನ್ನು ಕಳಿಸಿಕೊಟ್ಟರು.

ಬಾಂಬು ಬರಲಿಲ್ಲ, ಮಳೆ ಬಂತು. ಮದರಾಸಿನಲ್ಲಿ ತಮಿಳರ ಐಪ್ಪಸಿ, ಕಾರ್ತೀಕ ತಿಂಗಳುಗಳ ಮಳೆ ಹಿಡಿಯಿತೆಂದರೆ ಬೀದಿ ಯಾವುದು ಚರಂಡಿ ಯಾವುದು ಗೊತ್ತಾಗುವುದಿಲ್ಲ. ಕಂದಕದಲ್ಲಿ ನೀರು ತುಂಬಿತು. ಅಷ್ಟರಲ್ಲಿ ಯುದ್ಧವೂ ನಿಂತಿತು. ದೊಡ್ಡ ಟೀಚರು ಅದನ್ನು ಮುಚ್ಚಿಸಲು ಜನರನ್ನು ಕರೆಸಿದರು. ತೆಗೆದ ಮಣ್ಣೆಲ್ಲ ಮಳೆಗೆ ಕೊಚ್ಚಿ ಹೋಗಿದೆ, ಹೊಸ ಮಣ್ಣು ತರುವ ಗಾಡಿ ಈ ಕೆಸರಿನಲ್ಲಿ ಒಳಗೆ ಬರುವುದಿಲ್ಲ, ಬಿಸಿಲು ಬಂದ ಮೇಲೆ ನೋಡೋಣ ಎಂದು ಬಂದವರು ಹೊರಟುಹೋದರು. ಸುಮ್ಮನೆ ಕೂರದೆ ದೊಡ್ಡ ಟೀಚರು ಸುತ್ತಲೂ ಗೂಟ ಹೊಡೆಸಿ ತೆಂಗಿನ ನಾರಿನ ಹಗ್ಗ ಕಟ್ಟಿಸಿದರು. ಆಟದ ಹೊತ್ತಿನಲ್ಲಿ ನಾವು ಟೀಚರುಗಳು ಸರದಿಯಂತೆ ಒಬ್ಬೊಬ್ಬರಾಗಿ ಅಲ್ಲಿ ಕಾವಲು ನಿಲ್ಲುತ್ತಿದ್ದೆವು.

ಆ ಬೆಳಿಗ್ಗೆ ಮಳೆ ಬಿಟ್ಟಿತ್ತು. ನಾನು ಜಗಲಿಯಲ್ಲಿ ಮೂರನೆಯ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಇನ್ನೂ ಪಾಠದ ಹೊತ್ತು, ಬಯಲಿನಲ್ಲಿ ಯಾರೂ ಇರಲಿಲ್ಲ. ಒಂದನೆಯ ತರಗತಿಯ ಇಬ್ಬರು ಪುಟ್ಟ ಹುಡುಗಿಯರು ಸ್ಲೇಟು ತೊಳೆದುಕೊಂಡು ಬರುತ್ತೇವೆಂದು ಕೇಳಿಕೊಂಡು ನಲ್ಲಿಯ ಕಡೆ ಹೋಗಿದ್ದರು. ನಲ್ಲಿಯಲ್ಲಿ ನೀರು ನಿಂತುಹೋಗಿತ್ತು. ಕಣ್ಣೆದುರಿಗೇ ಕಂದಕದ ತುಂಬ ನೀರು. ರಾತ್ರಿಯ ಮಳೆಗೆ ಮಣ್ಣು ಸಡಿಲವಾಗಿ ಒಂದು ಕಡೆ ಗೂಟ ವಾಲಿ, ಹಗ್ಗ ನೆಲಕ್ಕೆ ತಾಗಿತ್ತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ನನಗೆ ಕೇಳಿಸಿದ್ದು ಒಂದು ಮಗುವಿನ ಚೀರುವಿಕೆ ಮಾತ್ರ.

“ವಿಳುಂದುಟ್ಟಾ! ಟೀಚರ್, ವಿಳುಂದುಟ್ಟಾ!”

ಬಿದ್ದುಬಿಟ್ಟಳು ಎಂದು ಕೂಗುತ್ತಿದ್ದವಳು ಕಂದಕದ ಅಂಚಿನಲ್ಲಿ ಒಬ್ಬಳೇ ನಿಂತಿದ್ದಳು. ನಾನು ಸೀಮೆಸುಣ್ಣ ಎಸೆದು ಓಡಿದೆ. ಹಿಂದೆಯೇ ನನ್ನ ತರಗತಿಯ ಮಕ್ಕಳು ಎದ್ದು ಓಡಿಬರುವ ಸದ್ದು ಕೇಳಿತು. ಎಲ್ಲರೂ ಆ ಜಾರುವ ಅಂಚಿಗೆ ಬಂದರೆ ಏನು ಗತಿ!

ಅಷ್ಟರಲ್ಲಿ ಹಳಿಯ ಸದ್ದು. ಬಿಟ್ಟುಬಿಟ್ಟು, ಬಿಟ್ಟುಬಿಟ್ಟು.

ದೊಡ್ಡ ಟೀಚರು ಕೋಣೆಯಿಂದ ಹೊರಬಂದು ನಾನು ಓಡುವುದನ್ನು ನೋಡಿದ್ದರು. ಬೇರೇನೂ ಕೇಳದೆ ಹಳಿಯ ಬಳಿ ಹೋಗಿ ಬಾರಿಸತೊಡಗಿದ್ದರು. ನನ್ನ ಹಿಂದಿದ್ದ ಕಾಲುಗಳ ಸದ್ದು ತಿರುಗಿತು. ತಿರುಗಿ ನೋಡಿದರೆ ಜಗಲಿಯಲ್ಲಿ ಒಂದು ತಲೆಯೂ ಕಾಣಲಿಲ್ಲ. ಇಡೀ ಶಾಲೆ ಬೆಂಚುಗಳ ಕೆಳಗೆ ಸೇರಿಹೋಗಿತ್ತು.

ನಾನು ಕಂದಕಕ್ಕೆ ಇಳಿದೆ. ಇಳಿದೆ ಎನ್ನುವುದಕ್ಕಿಂತ ಜಾರಿದೆ. ನೀರು ಎದೆಯವರೆಗೆ ಬಂತು, ಕೆಳಗೆ ಜೇಡಿಮಣ್ಣು ಕಾಲನ್ನು ಹಿಡಿದುಕೊಂಡಿತು. ನೀರು ಕಾಫಿಯ ಬಣ್ಣ. ಒಳಗೆ ಏನೂ ಕಾಣದು. ಎರಡೂ ಕೈ ಚಾಚಿ ತಡಕಾಡಿದೆ. ಸಿಕ್ಕಿದ್ದು ಒಂದು ಎಲೆ, ಒಂದು ಕೋಲು. ಇನ್ನೊಂದು ಹೆಜ್ಜೆ ಇಟ್ಟಾಗ ಮೊಣಕಾಲಿಗೆ ಮೆತ್ತಗೆ ಏನೋ ತಾಗಿತು. ಮುಳುಗಿ ಕೈ ಹಾಕಿದೆ. ಜಡೆ. ಜಡೆಗೆ ಕಟ್ಟಿದ ರಿಬ್ಬನ್ನು. ಹಿಡಿದು ಎಳೆದು, ಕಂಕುಳಿಗೆ ಕೈ ಕೊಟ್ಟು ಎತ್ತಿದೆ.

ಮುಖ ನೋಡಿ ನನ್ನ ಜೀವವೇ ಹಾರಿಹೋಯಿತು. ಅವಳು ನಮ್ಮ ಹೋಟೆಲಿನ ಅಡುಗೆ ಭಟ್ಟರ ಮಗಳು. ನಾನೇ ಅವಳನ್ನು ಈ ಶಾಲೆಗೆ ಸೇರಿಸಿದ್ದೆ. ದಿನಾ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡೇ ಬರುತ್ತಿದ್ದಳು.

ಹೊಲಿಗೆ ಟೀಚರೂ ಶಾಲೆಯ ಗೇಟಿನ ಕಾವಲುಗಾರನೂ ಓಡಿ ಬಂದು ಮಗುವನ್ನು ಮೇಲಕ್ಕೆ ಎಳೆದುಕೊಂಡರು. ಆಮೇಲೆ ನನ್ನನ್ನೂ. ಮಗುವಿನ ತುಟಿ ನೀಲಿಯಾಗಿತ್ತು. ಎದೆ ಆಡುತ್ತಿರಲಿಲ್ಲ. ಕಾವಲುಗಾರ ಹಣೆಗೆ ಕೈ ಹಚ್ಚಿಕೊಂಡ.

“ಪೋಯಿಡ್ಚಮ್ಮಾ,” ಎಂದ. ಹೋಯಿತಮ್ಮಾ.

“ಬಾಯಿ ಮುಚ್ಚು!” ಎಂದರು ಹೊಲಿಗೆ ಟೀಚರು. ನನ್ನ ಕಡೆ ತಿರುಗಿ, “ಮಲಗಿಸು. ಬೋರಲು. ಬೇಗ,” ಎಂದರು.

ಬಾಯಿಯೊಳಗೆ ಬೆರಳು ಹಾಕಿ ಕೆಸರು ತೆಗೆದೆ. ಬೋರಲು ಮಲಗಿಸಿದೆ. ಕೈಗಳನ್ನು ಮಡಿಸಿ ಕೆನ್ನೆಯ ಕೆಳಗಿಟ್ಟೆ. ಅಲ್ಲಿಗೆ ನನ್ನ ತಲೆ ನಿಂತುಹೋಯಿತು. ಮುಂದೇನು ಎಂಬುದು ಹೊಳೆಯಲೇ ಇಲ್ಲ. ಹೊಲಿಗೆ ಟೀಚರು ಪಕ್ಕದಲ್ಲಿ ಕೆಸರಿನಲ್ಲೇ ಕೂತು ಮೆಲ್ಲಗೆ ಹೇಳತೊಡಗಿದರು, ಮಿಷನ್ನಿನ ಮೇಲೆ ಹೊಲಿಗೆ ಕಲಿಸುವಾಗ ಹೇಳುವ ಅದೇ ಸಮಾಧಾನದ ದನಿಯಲ್ಲಿ.

“ಒತ್ತು. ಬಿಡು. ಎತ್ತು. ಇಳಿಸು. ಒತ್ತು. ಬಿಡು. ಮೆಲ್ಲಗೆ, ಪುಟ್ಟ ಮೈ ಅದು. ಎತ್ತು. ಇಳಿಸು.”

ಅವರು ಹೇಳಿದಂತೆ ನನ್ನ ಕೈ ನಡೆಯಿತು. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಮಗುವಿನ ಬಾಯಿಂದ ನೀರು ಹರಿಯಿತು. ಮತ್ತೆ ಏನೂ ಇಲ್ಲ. ನನ್ನ ಸೀರೆಯಿಂದ ನೀರು ಅವಳ ಬೆನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒತ್ತು, ಬಿಡು. ಇದ್ದಕ್ಕಿದ್ದಂತೆ ನನ್ನ ಅಂಗೈಯ ಕೆಳಗೆ ಬೆನ್ನು ತಾನಾಗಿ ಉಬ್ಬಿತು. ಒಂದು ಕೆಮ್ಮು. ಇನ್ನೊಂದು. ಗೊರಗೊರ ಸದ್ದಿನ ಜೊತೆ ಕೆಸರು ನೀರನ್ನು ಕಾರಿ, ಮಗು ದೊಡ್ಡದಾಗಿ ಅಳತೊಡಗಿತು.

ಮಕ್ಕಳ ಅಳುವನ್ನು ದಿನವಿಡೀ ಕೇಳುವ ಕೆಲಸ ನನ್ನದು. ಅಂಥ ಅಳುವನ್ನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಹೊಲಿಗೆ ಟೀಚರು ಮಗುವನ್ನು ತಬ್ಬಿಕೊಂಡು ತಾವೂ ಅತ್ತರು. ಕಾವಲುಗಾರ ಕಪಾಲೀಶ್ವರನಿಗೆ ಕೈ ಮುಗಿದ.

ಕಣ್ಣು ಬಿಟ್ಟ ಮಗು ಮೊದಲು ಕೇಳಿದ್ದು, “ಎನ್ ಸ್ಲೇಟ್ ಎಂಗೆ?” ಎಂದು, ನನ್ನ ಸ್ಲೇಟು ಎಲ್ಲಿ ಎಂದು. ಮನೆಯಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡಿಸಿದರೂ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ.

“ಸ್ಲೇಟ್ ಹಾಳಾಯ್ಲಿ ಮಗಾ, ಹೊಸ್ತ್ ಕೊಡ್ಸ್ತೆ,” ಎಂದೆ.

ನಮ್ಮ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡ ಟೀಚರು ಮಕ್ಕಳನ್ನು ಏಳಲು ಬಿಡದೆ ತರಗತಿ ತರಗತಿಗೂ ಎಣಿಸುತ್ತಿದ್ದರು. ಒಂದನೆಯ ತರಗತಿಯ ಟೀಚರು ಜಗಲಿಯಿಂದ ಕೂಗಿದರು.

“ಇನ್ನೊಬ್ಬಳು ಇಲ್ಲ! ಇವಳ ಜೊತೆ ಹೋದವಳು ಬಂದಿಲ್ಲ!”

ಕೂಗಿ ಕರೆದ ಆ ಹುಡುಗಿ! ಕಂದಕದ ಅಂಚಿನಲ್ಲಿ ಅವಳನ್ನು ನಾನು ಕಂಡಿದ್ದೆ. ನಾನು ನೀರಿಗೆ ಇಳಿದ ಮೇಲೆ ಅವಳು ಎಲ್ಲಿ ಹೋದಳೋ ನೋಡಿರಲಿಲ್ಲ. ನಾನು ಜಾರಿದ ಜಾಗದಲ್ಲಿ ಮಣ್ಣು ದೊಡ್ಡದಾಗಿ ಕುಸಿದಿತ್ತು. ಅದರ ಜೊತೆ ಅವಳೂ ಜಾರಿದ್ದರೆ? ಕಾವಲುಗಾರ ನೀರಿಗೆ ಧುಮುಕಿದ. ನಾನೂ ಮತ್ತೆ ಇಳಿಯಲು ಹೊರಟಾಗ ಹೊಲಿಗೆ ಟೀಚರು ಸೆರಗು ಹಿಡಿದು ತಡೆದರು. ಅವನು ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ತಡಕುತ್ತಾ ಹೋಗುವುದನ್ನು ನಿಂತು ನೋಡಬೇಕಾಯಿತು.

ದೊಡ್ಡ ಟೀಚರು ಒಂದೊಂದೇ ಕೋಣೆಗೆ ಹೋಗಿ ಬಗ್ಗಿ ಬೆಂಚುಗಳ ಕೆಳಗೆ ನೋಡುತ್ತಿದ್ದರು. ಐದನೆಯ ತರಗತಿಯಿಂದ ಅವರ ದನಿ ಬಂತು.

“ಇಲ್ಲಿದ್ದಾಳೆ! ಇಲ್ಲಿದ್ದಾಳೆ!”

ದೊಡ್ಡ ಹುಡುಗಿಯರ ನಡುವೆ, ಕೊನೆಯ ಬೆಂಚಿನ ಕೆಳಗೆ ಅವಳು ಬೋರಲು ಮಲಗಿದ್ದಳು. ಎರಡೂ ಕಿವಿ ಮುಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಗಂಟೆ ಕೇಳಿದಾಗ ಹತ್ತಿರ ಸಿಕ್ಕಿದ ಕೋಣೆಗೆ ನುಗ್ಗಿದ್ದಳು. ಹೆಸರು ಹಿಡಿದು ಅಷ್ಟು ಸಲ ಕೂಗಿದರೂ ಯಾಕೆ ಓಗೊಡಲಿಲ್ಲ ಎಂದರೆ, “ಟೀಚರ್ ಬಂದು ಮುಟ್ಟಲಿಲ್ಲವಲ್ಲ,” ಎಂದಳು.

ದೊಡ್ಡ ಟೀಚರು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಕನ್ನಡಕ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡರು. ಮರುಗಳಿಗೆಗೆ ಎದ್ದು ರಸ್ತೆಗೆ ಹೋದರು. ನಡು ರಸ್ತೆಯಲ್ಲಿ ನಿಂತು, ಎದುರಿಗೆ ಬಂದ ಯಾರದೋ ಕಾರನ್ನು ನಿಲ್ಲಿಸಿ, ನಮ್ಮನ್ನು ಆಸ್ಪತ್ರೆಗೆ ಕಳಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ಕೊಳವೆ ಇಟ್ಟು ಹಿಂದೆ ಮುಂದೆ ಬಹಳ ಹೊತ್ತು ಕೇಳಿದರು. ನಾನು ಗೋಡೆಗೆ ಒರಗಿ ಅವರ ಮುಖವನ್ನೇ ನೋಡುತ್ತಿದ್ದೆ.

“ಉಸಿರು ಚೆನ್ನಾಗಿದೆ. ಜ್ವರ ಬರಬಹುದು, ಎರಡು ದಿನ ಇಲ್ಲೇ ಇರಲಿ. ಭಯವಿಲ್ಲ,” ಎಂದರು.

ಭಟ್ಟರು ಓಡಿ ಬಂದಾಗ ಸೊಂಟದ ಪಂಚೆಯ ಮೇಲೆ ದೋಸೆ ಹಿಟ್ಟು ಹಾಗೇ ಇತ್ತು. ಹಿಂದೆ ಅವರ ಹೆಂಡತಿ, ಅವರ ಹಿಂದೆ ಅಪ್ಪಯ್ಯ.

“ಅಕ್ಕಾ, ನನ್ ಹೆಣ್ಣ್ ಎಲ್ಲಿತ್ತ್? ಜೀವ ಇತ್ತಾ?”

“ಇತ್ತ್, ಇತ್ತ್. ಒಳಗ್ ಮಲ್ಕಂಡಿತ್ತ್. ಹಾಲ್ ಕುಡಿತಾ ಇತ್ತ್ ಕಾಣಿ.”

ತಾಯಿ ಒಳಗೆ ಓಡಿದಳು. ಭಟ್ಟರು ಬಾಗಿಲಲ್ಲೇ ಕೂತುಬಿಟ್ಟರು. ಅಪ್ಪಯ್ಯ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೂದಲ ತುಂಬ ಕೆಸರು, ಸೀರೆ ಮೈಗೆ ಅಂಟಿಕೊಂಡಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ತಮ್ಮ ಹೆಗಲ ಮೇಲಿದ್ದ ಶಲ್ಯವನ್ನು ತೆಗೆದು ನನಗೆ ಹೊದಿಸಿದರು.

“ಚಳಿ ಆತ್ತ್ ಮಗಾ,” ಎಂದರು, ಅಷ್ಟೇ. ನಾನು ಅತ್ತದ್ದು ಆಗಲೇ.

ಮರುದಿನ ದೊಡ್ಡ ಟೀಚರು ಹೆತ್ತವರನ್ನೆಲ್ಲ ಶಾಲೆಗೆ ಕರೆಸಿದರು. ಗದ್ದಲವಾಗುತ್ತದೆಂದು ನಾವೆಲ್ಲ ಹೆದರಿದ್ದೆವು. ಅವರು ಬಾದಾಮಿ ಮರದ ಕೆಳಗೆ ನಿಂತು, ಏನನ್ನೂ ಬಚ್ಚಿಡದೆ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಕಂದಕ ತೋಡಿಸಿದ್ದು ತಾನು, ಜವಾಬ್ದಾರಿಯೂ ತನ್ನದೇ ಎಂದರು. ಆಮೇಲೆ ಗುಂಪಿನ ಹಿಂದಿನಿಂದ ಒಬ್ಬ ತಂದೆ ಕೇಳಿದ.

“ಅದೆಲ್ಲ ಇರಲಿ ಅಮ್ಮಾ. ಗುದ್ದಲಿ ಎಲ್ಲಿದೆ?”

ಆ ಭಾನುವಾರ ಬೀದಿಯ ಗಂಡಸರೆಲ್ಲ ಸೇರಿದರು. ಬಕೆಟುಗಳಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದರು. ಗಾಡಿ ಒಳಗೆ ಬಾರದಿದ್ದರೆ ಬೇಡವೆಂದು ರಸ್ತೆಯಲ್ಲೇ ಮರಳು ಸುರಿಸಿ, ಕೈಯಿಂದ ಕೈಗೆ ಬುಟ್ಟಿ ದಾಟಿಸಿದರು. ವಕೀಲರೊಬ್ಬರು ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ಅಪ್ಪಯ್ಯ ಹೋಟೆಲಿನಿಂದ ಇಡ್ಲಿ ತುಂಬಿದ ಬುಟ್ಟಿಗಳನ್ನೂ ದೊಡ್ಡ ಪಾತ್ರೆಯಲ್ಲಿ ಕಾಫಿಯನ್ನೂ ಹೊರಿಸಿಕೊಂಡು ಬಂದು ತಾವೇ ಬಡಿಸಿದರು. ಸಂಜೆಯ ಹೊತ್ತಿಗೆ ಕಂದಕವಿದ್ದ ಜಾಗ ಸಮತಟ್ಟಾಯಿತು. ದೊಡ್ಡ ಟೀಚರು ಅದರ ಮೇಲೆ ಆ ತುದಿಯಿಂದ ಈ ತುದಿಗೆ ಬರಿಗಾಲಲ್ಲಿ ನಡೆದು ನೋಡಿದರು. ಎಲ್ಲೂ ಕುಸಿಯಲಿಲ್ಲ.

ಬೆಂಚಿನ ಕೆಳಗೆ ಮಲಗುವ ಅಭ್ಯಾಸವನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಯಾವ ತಾಯಿಯೂ ಲಂಗದ ಮಣ್ಣಿನ ಮಾತೆತ್ತಲಿಲ್ಲ.

ಭಟ್ಟರ ಮಗಳಿಗೆ ಒಂದೆರಡು ದಿನ ಜ್ವರ ಬಂದು ಬಿಟ್ಟಿತು. ಶಾಲೆಗೆ ಮರಳಿದಾಗ ತುಂಬ ಮೆತ್ತಗಾಗಿದ್ದಳು. ಯಾರಾದರೂ ಜೋರಾಗಿ ಕೂಗಿದರೆ ಬೆಚ್ಚುತ್ತಿದ್ದಳು, ಬಯಲಿಗೆ ಇಳಿಯಲು ಒಲ್ಲೆನೆನ್ನುತ್ತಿದ್ದಳು. ಆಟದ ಹೊತ್ತಿನಲ್ಲಿ ನನ್ನ ಸೀರೆಯ ನೆರಿಗೆ ಹಿಡಿದು ಜಗಲಿಯಲ್ಲೇ ನಿಲ್ಲುತ್ತಿದ್ದಳು. ಮಗುವಿನ ಜೀವ ಉಳಿಯಿತು, ಅವಳ ಚೂಟಿತನ ಆ ನೀರಿನಲ್ಲೇ ಹೋಯಿತೋ ಏನೋ ಎಂದು ನನಗೆ ಒಳಗೊಳಗೇ ಕೊರಗು.

ಪೊಂಗಲ್ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಒಂದನೆಯ ತರಗತಿಯಲ್ಲಿ ದೊಡ್ಡ ಗಲಾಟೆ ಎದ್ದಿತು. ಹೋಗಿ ನೋಡಿದರೆ ಅವಳು ಪಕ್ಕದವಳ ಕಬ್ಬಿನ ತುಂಡು ಕಸಿದುಕೊಂಡು, ಮಣೆಯ ಮೇಲೆ ಹತ್ತಿ ನಿಂತು, ಇಡೀ ತರಗತಿಗೆ ಕೋಡಂಗಿಯಂತೆ ಮುಖ ಮಾಡಿ ತೋರಿಸುತ್ತಿದ್ದಳು. ಕಬ್ಬು ಕಳೆದುಕೊಂಡವಳು ಅವಳ ಲಂಗ ಹಿಡಿದು ಜಗ್ಗುತ್ತಿದ್ದಳು. ನಾನು ಸೊಂಟದ ಮೇಲೆ ಕೈಯಿಟ್ಟು ಗಂಟಲು ಹರಿಯುವಷ್ಟು ಜೋರಾಗಿ ಗದರಿದೆ. ಅವಳು ಒಂದಿಷ್ಟೂ ಬೆಚ್ಚಲಿಲ್ಲ. ಕಬ್ಬನ್ನು ಬೆನ್ನ ಹಿಂದೆ ಬಚ್ಚಿಟ್ಟು, ತಾನು ತೆಗೆದೇ ಇಲ್ಲವೆಂದು ಸಾಧಿಸಿದಳು. ಅವಳನ್ನು ಮೂಲೆಯಲ್ಲಿ ನಿಲ್ಲಿಸಿ ಜಗಲಿಗೆ ಬಂದೆ. ಅಲ್ಲಿದ್ದ ಹೊಲಿಗೆ ಟೀಚರು ನನ್ನ ಮುಖ ನೋಡಿ, ಯಾರನ್ನೋ ಬೈಯುತ್ತಿದ್ದವಳು ಈಗ ನೋಡಿದರೆ ಇಷ್ಟು ನಗುತ್ತಿದ್ದೀಯಲ್ಲ, ಏನಾಯಿತು ಎಂದು ಕೇಳಿದರು.